ಚಿಕ್ಕ ಗಿಟಾರ್ ಅಂದ್ರೆ ಕಮ್ಮಿ ಗಿಟಾರ್ ಅಲ್ಲ ಕಣ್ರೀ

“ಊರಿಗೆ ಎತ್ಕೊಂಡು ಹೋಗೋಕೆ ತಾನೇ? ಯಾವುದೋ ಒಂದು ಚಿಕ್ಕದು ತಗೊಂಡ್ರೆ ಆಯ್ತು ಬಿಡು.”

ಗಿಟಾರ್ ವಿಷಯದಲ್ಲಿ ನಮ್ಮ ಓರಗೆಯವರು ಒಬ್ಬರಿಗೊಬ್ಬರು ಕೊಡುವ ಸಲಹೆಗಳಲ್ಲಿ ಇದಕ್ಕಿಂತ ಹಾಳು ಸಲಹೆ ಇನ್ನೊಂದಿಲ್ಲ. ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲ್ಲ, ಒಪ್ಪಿಕೊಳ್ತೀನಿ. ಆದರೆ ಆ ಮಾತಿನೊಳಗೆ ಒಂದು ನಂಬಿಕೆ ಚಕ್ಕಳಮಕ್ಕಳ ಹಾಕಿ ಕೂತಿದೆ. ದೊಡ್ಡ ಗಿಟಾರ್ ಅಸಲಿ, ಚಿಕ್ಕದು ಅದರ ಬಡ ತಮ್ಮ. ಮನೆಯಲ್ಲಿ ಅಸಲಿ ನುಡಿಸೋಣ, ಟ್ರಿಪ್ಪಿಗೆ ಹೇಗೋ ಸುಧಾರಿಸೋಣ ಅನ್ನೋ ನಂಬಿಕೆ. ಇದನ್ನು ನಂಬಿದವರು ಟ್ರಾವೆಲ್ ಗಿಟಾರ್ ಅಂತ ಒಂದು ಆಟಿಕೆ ಕೊಳ್ತಾರೆ. ಮೂರನೇ ಟ್ರಿಪ್ಪಿಗೆ ಅದನ್ನು ಮನೆಯಲ್ಲೇ ಬಿಟ್ಟು ಹೋಗ್ತಾರೆ. ವರ್ಷ ತುಂಬೋದರೊಳಗೆ ದೊಡ್ಡದು ಬೀರುವಿನ ಮೇಲೆ, ಚಿಕ್ಕದು ಮಂಚದ ಕೆಳಗೆ. ಆಮೇಲೆ ಯಾರಾದರೂ ಕೇಳಿದರೆ, “ಮುಂಚೆ ನುಡಿಸ್ತಿದ್ದೆ, ಈಗ ಟೈಮ್ ಸಿಗಲ್ಲ” ಅನ್ನೋ ಉತ್ತರ.

ನನ್ನ ವಾದ ಇಷ್ಟೇ. ಬೆಂಗಳೂರಿನಲ್ಲಿ ಪೀಜಿಯಲ್ಲೋ ಬಾಡಿಗೆ ಮನೆಯಲ್ಲೋ ಇದ್ದು, ತಿಂಗಳಿಗೆರಡು ಸಲ ಬಸ್ಸೋ ರೈಲೋ ಹತ್ತುವವರಿಗೆ ಚಿಕ್ಕ ಗಿಟಾರ್ ಎರಡನೆಯದಾಗಿ ಇರಬೇಕಾದ್ದಲ್ಲ, ಮೊದಲನೆಯದಾಗಿ ಇರಬೇಕಾದ್ದು. ಹಾಗಿದ್ದ ಮೇಲೆ ಅದನ್ನು ಸೂಟ್‌ಕೇಸ್ ಆರಿಸಿದ ಹಾಗೆ ಸೆಂಟಿಮೀಟರು, ಕೆ.ಜಿ. ನೋಡಿ ಆರಿಸಬಾರದು. ಕಿವಿ ಮತ್ತು ಬೆರಳು ಹೇಳಿದ್ದನ್ನು ಕೇಳಿ ಆರಿಸಬೇಕು.

ಮೊದಲು ಈ ‘ಅಸಲಿ ಸೈಜ್’ ಅನ್ನೋ ಮಾತನ್ನೇ ತೆಗೆದುಕೊಳ್ಳಿ. 1833ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಮಾರ್ಟಿನ್ ಕಂಪನಿ 19ನೇ ಶತಮಾನದಲ್ಲಿ ಮಾಡುತ್ತಿದ್ದ ಗಿಟಾರುಗಳು ಇವತ್ತಿನ ನಮ್ಮ ಕಣ್ಣಿಗೆ ಪುಟಾಣಿಗಳು. ಮನೆಯ ಹಜಾರದಲ್ಲಿ ಕೂತು ಹತ್ತು ಜನರಿಗೆ ಕೇಳಿಸಲು ಅಷ್ಟು ಸಾಕಿತ್ತು. ಅಂಥವನ್ನು ಈಗ ಪಾರ್ಲರ್ ಗಿಟಾರ್ ಅಂತ ಕರೀತಾರೆ. ಅಂಗಡಿಯವರು ಇವತ್ತು ‘ನಾರ್ಮಲ್ ಸೈಜ್’ ಅಂತ ಗೋಡೆಯಿಂದ ಇಳಿಸಿ ಕೊಡುವ ಡ್ರೆಡ್‌ನಾಟ್ ಹುಟ್ಟಿದ್ದು 1916ರಲ್ಲಿ, ಬಾಸ್ಟನ್ನಿನ ಡಿಟ್ಸನ್ ಕಂಪನಿಯ ಸಲುವಾಗಿ. ಮಾರ್ಟಿನ್ ಅದನ್ನು ತನ್ನದೇ ಹೆಸರಿನಲ್ಲಿ ಮಾರಲು ಶುರುಮಾಡಿದ್ದು 1931ರಲ್ಲಿ. ಆ ಹೆಸರು ಬಂದದ್ದು 1906ರ ಬ್ರಿಟಿಷ್ ಯುದ್ಧನೌಕೆಯೊಂದರಿಂದ. ಯುದ್ಧನೌಕೆಯ ಹೆಸರು ಯಾಕೆ? ಗಾತ್ರ ಮತ್ತು ಸದ್ದಿಗಾಗಿ. ಗಿಟಾರಿಗೆ ಇನ್ನೂ ಪಿಕಪ್, ಆಂಪ್ಲಿಫೈಯರ್ ಬಾರದ ಕಾಲ ಅದು. ಬ್ಯಾಂಜೊ, ಪಿಟೀಲುಗಳ ಗದ್ದಲದ ನಡುವೆ ಗಿಟಾರಿನ ಸದ್ದು ಕೇಳಿಸಬೇಕಿದ್ದರೆ ಅದರ ಹೊಟ್ಟೆ ದೊಡ್ಡದಾಗಬೇಕಿತ್ತು, ಆಯಿತು.

ಅಂದರೆ ಪ್ರವಾಸಕ್ಕಾಗಿ ಗಿಟಾರನ್ನು ಕುಗ್ಗಿಸಿದರು ಅನ್ನೋದು ಅರ್ಧ ಕಥೆ. ಅದಕ್ಕೂ ಮೊದಲು ವೇದಿಕೆಗಾಗಿ ಅದನ್ನು ಉಬ್ಬಿಸಿದ್ದರು. ಈಗ ಹೇಳಿ, ನಿಮ್ಮ ಪೀಜಿ ರೂಮಿನಲ್ಲಿ ಯಾವ ಬ್ಯಾಂಜೊ ಜೊತೆ ನೀವು ಜಿದ್ದಿಗೆ ಬಿದ್ದಿದ್ದೀರಿ? ರಾತ್ರಿ ಹತ್ತೂವರೆಗೆ ಆಫೀಸಿನ ಕೊನೆಯ ಕಾಲ್ ಮುಗಿಸಿ ಎರಡು ಹಾಡು ನುಡಿಸಿದರೆ ಪಕ್ಕದ ಮನೆಯ ಆಂಟಿ ಗೋಡೆ ತಟ್ಟುತ್ತಾರೆ. ನಮಗೆ ಬೇಕಿರುವುದು ಕಮ್ಮಿ ಸದ್ದು. ನಾವು ದುಡ್ಡು ಕೊಡುತ್ತಿರುವುದು ಜಾಸ್ತಿ ಸದ್ದಿಗೆ.

ಇನ್ನೊಂದು ಮಾತಿದೆ, ಇದು ನನಗೆ ನಿಜಕ್ಕೂ ಸಿಟ್ಟು ತರಿಸುವಂಥದ್ದು. ಡ್ರೆಡ್‌ನಾಟಿನ ಕೆಳಭಾಗದ ಅಗಲ ಹದಿನೈದೂವರೆ ಇಂಚಿಗೂ ಸ್ವಲ್ಪ ಹೆಚ್ಚು, ಅಂದರೆ ಹತ್ತಿರ ಹತ್ತಿರ 40 ಸೆಂ.ಮೀ. ಐದಡಿ ಎತ್ತರದ ಹುಡುಗಿಯೊಬ್ಬಳು ಅದನ್ನು ಅಪ್ಪಿಕೊಂಡು ಕೂತರೆ ಬಲಭುಜ ಕಿವಿಯ ತನಕ ಏರುತ್ತೆ, ತಂತಿ ನೋಡಲು ಕತ್ತು ಮುರಿಯಬೇಕು. ಅವಳಿಗೆ ಸಿಗುವ ಸಲಹೆ ಏನು ಗೊತ್ತಾ? “ಅಭ್ಯಾಸ ಆಗುತ್ತೆ.” ಆಗಲ್ಲ ಸ್ವಾಮಿ. ಭುಜ ನೋವು ಅಂತ ಎರಡು ತಿಂಗಳಿಗೆ ನಿಲ್ಲಿಸ್ತಾಳೆ, ‘ನನಗೆ ಸಂಗೀತ ಒಲಿಯಲಿಲ್ಲ’ ಅಂತ ಅಂದುಕೊಳ್ತಾಳೆ. ಅಳತೆ ತಪ್ಪಿದ ಚಪ್ಪಲಿ ಕೊಟ್ಟು, ನಿನಗೆ ನಡೆಯೋಕೆ ಬರಲ್ಲ ಅಂದ ಹಾಗೆ ಇದು.

ಹಾಗಂತ ಚಿಕ್ಕ ಗಿಟಾರಿನಲ್ಲಿ ಕಳೆದುಕೊಳ್ಳುವುದೇ ಇಲ್ಲ ಅಂದರೆ ಅದು ಸೇಲ್ಸ್‌ಮನ್ ಮಾತಾಗುತ್ತೆ. ಕಳೆದುಕೊಳ್ತೀವಿ, ಮುಖ್ಯವಾಗಿ ಮಂದ್ರವನ್ನು. ಆರನೇ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತೆ. ಡ್ರೆಡ್‌ನಾಟಿನ ಹೊಟ್ಟೆಯೊಳಗಿನ ಗಾಳಿ ಸೆಕೆಂಡಿಗೆ ಸುಮಾರು 100ರ ಹತ್ತಿರ ತಾನಾಗಿ ಅನುರಣಿಸುತ್ತೆ, ಹಾಗಾಗಿ ಕೆಳಗಿನ ಸ್ವರಗಳಿಗೆ ಒಳ್ಳೆ ಆಸರೆ ಸಿಗುತ್ತೆ. ಹೊಟ್ಟೆ ಚಿಕ್ಕದಾದಷ್ಟೂ ಆ ಅಂಕಿ ಮೇಲಕ್ಕೆ ಹೋಗಿ ಮಂದ್ರ ತೆಳುವಾಗುತ್ತೆ. ಇದು ಭೌತಶಾಸ್ತ್ರ, ಯಾವ ಬ್ರ್ಯಾಂಡಿನ ಜಾಹೀರಾತಿಗೂ ಬಗ್ಗಲ್ಲ.

ಎರಡನೆಯದು ತಂತಿಯ ಬಿಗಿ. ಒಂದೇ ದಪ್ಪದ ತಂತಿಯನ್ನು ಒಂದೇ ಸ್ವರಕ್ಕೆ ಏರಿಸಿದರೆ ಅದರ ಬಿಗಿ ಉದ್ದದ ವರ್ಗದ ಲೆಕ್ಕದಲ್ಲಿ ಬದಲಾಗುತ್ತೆ. ಮಾಮೂಲಿ ಗಿಟಾರಿನ ಸ್ಕೇಲ್, ಅಂದರೆ ನಟ್‌ನಿಂದ ಸ್ಯಾಡಲ್ ತನಕ ಕಂಪಿಸುವ ತಂತಿಯ ಉದ್ದ, ಹೆಚ್ಚುಕಮ್ಮಿ 25.4 ಇಂಚು. 2010ರಲ್ಲಿ ಬಂದ ಟೇಲರ್ ಜಿಎಸ್ ಮಿನಿಯದ್ದು 23.5 ಇಂಚು. ಲೆಕ್ಕ ಹಾಕಿ ನೋಡಿ, ಬಿಗಿ ಸುಮಾರು ಶೇ. 14ರಷ್ಟು ಇಳಿಯುತ್ತೆ. 1996ರಿಂದ ಬರುತ್ತಿರುವ ಬೇಬಿ ಟೇಲರ್‌ನ ಸ್ಕೇಲ್ 22.75 ಇಂಚು, ಅಲ್ಲಿ ಇಳಿಕೆ ಶೇ. 20. ಬಿಗಿ ಇಳಿದರೆ ಬೆರಳಿಗೆ ಸುಖ, ಹೊಸಬರಿಗೆ ಎಫ್ ಕಾರ್ಡ್ ಬೇಗ ಕೈಗೆ ಬರುತ್ತೆ. ಆದರೆ ತೀರಾ ಇಳಿದರೆ ತಂತಿ ಲೊಳಲೊಳ ಅನ್ನುತ್ತೆ, ಜೋರಾಗಿ ಮೀಟಿದರೆ ಸ್ವರ ಜಾರುತ್ತೆ. ಇದಕ್ಕೆ ಪರಿಹಾರ ಸುಲಭ: ಒಂದು ನಂಬರ್ ದಪ್ಪದ ತಂತಿ. ಜಿಎಸ್ ಮಿನಿ ಫ್ಯಾಕ್ಟರಿಯಿಂದಲೇ 13ರ ಮೀಡಿಯಂ ತಂತಿ ಹಾಕಿಕೊಂಡು ಬರೋದು ಇದಕ್ಕೇ. ಚಿಕ್ಕ ಗಿಟಾರಿಗೆ ತೆಳು ತಂತಿ ಹಾಕಿ, ಆಮೇಲೆ ‘ಸೌಂಡೇ ಇಲ್ಲ’ ಅಂತ ಗೊಣಗುವವರಿಗೆ ನನ್ನ ಸಹಾನುಭೂತಿ ಇಲ್ಲ.

ಈಗ ಮಾರುಕಟ್ಟೆಯಲ್ಲಿ ಟ್ರಾವೆಲ್ ಗಿಟಾರ್ ಹೆಸರಿನಲ್ಲಿ ನಡೆಯುವ ಎರಡು ಮೋಸಗಳ ಕಡೆ ಬರೋಣ.

ಮೊದಲನೆಯದು ಆಟಿಕೆ ಮೋಸ. ಆನ್‌ಲೈನಿನಲ್ಲಿ ಎರಡು ಮೂರು ಸಾವಿರಕ್ಕೆ ಬ್ಯಾಗು, ತಂತಿ, ಪಿಕ್ಕು, ಬೆಲ್ಟು ಎಲ್ಲ ಸೇರಿಸಿ ಕಳಿಸ್ತಾರಲ್ಲ, ಅದು. ಇಂಥವುಗಳ ಮೇಲೆ ‘38 ಇಂಚು’ ಅಂತ ದಪ್ಪಕ್ಷರದಲ್ಲಿ ಬರೆದಿರುತ್ತೆ. ಅದು ತಲೆಯಿಂದ ಬುಡದ ತನಕದ ಉದ್ದ. ನಿಮ್ಮ ಬೆರಳಿಗೆ ಸಂಬಂಧಪಟ್ಟ ಸ್ಕೇಲ್ ಎಷ್ಟು ಅಂತ ಹುಡುಕಿದರೆ ಎಷ್ಟೋ ಕಡೆ ಸಿಗೋದೇ ಇಲ್ಲ. ಅಡುಗೆಗೆ ಪಾತ್ರೆ ಕೊಳ್ಳುವಾಗ ಎಷ್ಟು ಲೀಟರ್ ಹಿಡಿಯುತ್ತೆ ಅಂತ ಕೇಳ್ತೀವಾ, ಹಿಡಿಕೆ ಎಷ್ಟುದ್ದ ಅಂತಲಾ?

ಸ್ಕೇಲ್ ಯಾಕೆ ಮುಖ್ಯ ಅಂತ ಒಂದು ಸಣ್ಣ ಲೆಕ್ಕ. ಸ್ಕೇಲನ್ನು 17.8ರಿಂದ ಭಾಗಿಸಿದರೆ ಮೊದಲ ಫ್ರೆಟ್ಟಿನ ಅಗಲ ಸಿಗುತ್ತೆ. ಮಾಮೂಲಿ ಗಿಟಾರಿನಲ್ಲಿ ಅದು ಸುಮಾರು 36 ಮಿ.ಮೀ. ಯಮಹಾ ಜೆಆರ್ ಸರಣಿಯ ಗಿಟಾರಿನ ಸ್ಕೇಲ್ 540 ಮಿ.ಮೀ., ಅಲ್ಲಿ ಮೊದಲ ಫ್ರೆಟ್ 30 ಮಿ.ಮೀ. ಜಿಎಸ್ ಮಿನಿಯಲ್ಲಿ ಮೂವತ್ಮೂರೂವರೆ. ಆರು ಮಿಲಿಮೀಟರ್ ಅಂದರೆ ಏನು ಮಹಾ ಅನ್ನಬೇಡಿ. ದಪ್ಪ ಬೆರಳಿನವರಿಗೆ ಎ ಕಾರ್ಡಿನಲ್ಲಿ ಮೂರು ಬೆರಳು ಒಂದೇ ಫ್ರೆಟ್ಟಿನೊಳಗೆ ಕೂರಬೇಕಲ್ಲ, ಶನಿವಾರದ ಸಿಟಿ ಬಸ್ಸಿನ ಹಾಗಾಗುತ್ತೆ. ಜೆಆರ್ ಕೆಟ್ಟ ಗಿಟಾರ್ ಅಂತ ನಾನು ಹೇಳ್ತಿಲ್ಲ. ಅದು ಚಿಕ್ಕ ಕೈಗೆ ಚೆನ್ನಾಗಿ ಮಾಡಿದ ಗಿಟಾರ್. ನಿಮ್ಮ ಕೈ ದೊಡ್ಡದಿದ್ದರೆ, ಮನೆಗೂ ಟ್ರಿಪ್ಪಿಗೂ ಇದೊಂದೇ ಗಿಟಾರ್ ಇರಬೇಕು ಅಂತಿದ್ದರೆ, 23ರಿಂದ 24 ಇಂಚಿನ ನಡುವೆ ಹುಡುಕಿ. ಲಿಟಲ್ ಮಾರ್ಟಿನ್ 23 ಇಂಚು, ಯಮಹಾ ಸಿಎಸ್‌ಎಫ್1ಎಂ 600 ಮಿ.ಮೀ., ಜಿಎಸ್ ಮಿನಿ ಇವೆರಡರ ನಡುವೆ.

ಜಿಎಸ್ ಮಿನಿಗೆ ಅರ್ಧ ಲಕ್ಷದ ಮೇಲಾಗುತ್ತೆ, ಎಲ್ಲರಿಗೂ ಸಾಧ್ಯವಿಲ್ಲ, ಬೇಕಾಗೂ ಇಲ್ಲ. ಬಜೆಟ್ ಎಷ್ಟೇ ಇರಲಿ, ಅಂಗಡಿಗೆ ಹೋಗಿ ಹತ್ತು ನಿಮಿಷ ಖರ್ಚು ಮಾಡಿ. ಉಬ್ಬಕ್ಷರ ಇಲ್ಲದ ಮೂರು ಎಟಿಎಂ ಕಾರ್ಡ್ ಒಟ್ಟಿಗೆ ಹಿಡಿದು 12ನೇ ಫ್ರೆಟ್ ಮತ್ತು ಆರನೇ ತಂತಿಯ ನಡುವೆ ತೂರಿಸಿ. ಮೂರು ಕಾರ್ಡಿನ ದಪ್ಪ ಸುಮಾರು 2.3 ಮಿ.ಮೀ., ಅಷ್ಟು ಎತ್ತರ ಸರಿ. ನಾಲ್ಕನೆಯದೂ ಆರಾಮಾಗಿ ಹೋದರೆ ತಂತಿ ತುಂಬಾ ಮೇಲಿದೆ ಅಂತ ಅರ್ಥ. ಸರಿ ಮಾಡಿಕೊಡಿ ಅನ್ನಿ, ಇಲ್ಲವಾದರೆ ಬಿಟ್ಟು ಬನ್ನಿ. ಆಮೇಲೆ ಮೊಬೈಲಿನಲ್ಲಿ ಟ್ಯೂನರ್ ಹಾಕಿ, 12ನೇ ಫ್ರೆಟ್ಟಿನ ಮೇಲೆ ತಂತಿಯನ್ನು ಮೆಲ್ಲಗೆ ಮುಟ್ಟಿ ಹಾರ್ಮೋನಿಕ್ ಮೀಟಿ, ನಂತರ ಅದೇ ಫ್ರೆಟ್ ಒತ್ತಿ ಮೀಟಿ. ಎರಡೂ ಒಂದೇ ಸ್ವರ ತೋರಿಸಬೇಕು. ಹತ್ತು ನಿಮಿಷ ನುಡಿಸಿದ ಮೇಲೂ ಶ್ರುತಿ ನಿಂತಿರಬೇಕು. ಟ್ರಸ್ ರಾಡ್ ಇದೆಯಾ ಅಂತ ಕೇಳಿ. ಪ್ರಯಾಣದಲ್ಲಿ ನೆಕ್ ಬಾಗಿದರೆ ಅದನ್ನು ಸರಿಮಾಡಲು ಇರುವ ದಾರಿ ಅದೊಂದೇ. ಈ ನಾಲ್ಕು ಪರೀಕ್ಷೆಯಲ್ಲಿ ಪಾಸಾದದ್ದು ಎಂಟು ಸಾವಿರದ್ದಾದರೂ ತಗೊಳ್ಳಿ, ಫೇಲಾದದ್ದು ಎಂಬತ್ತು ಸಾವಿರದ್ದಾದರೂ ಬೇಡ.

ಎರಡನೆಯದು ಗ್ಯಾಜೆಟ್ ಮೋಸ. ಇದಕ್ಕೆ ಬೀಳುವವರು ಹೆಚ್ಚಾಗಿ ನಮ್ಮಂಥವರೇ, ಹೊಸ ಇಯರ್‌ಫೋನಿಗೆ ವರ್ಷಕ್ಕೊಮ್ಮೆ ಸೋಲುವವರು. ಮಡಚುವ ನೆಕ್, ಕಳಚುವ ನೆಕ್, ತಲೆಯೇ ಇಲ್ಲದ ಗಿಟಾರು, ಹೊಟ್ಟೆಯೇ ಇಲ್ಲದ ಗಿಟಾರು. ಈ ಜಾತಿಯ ಅಜ್ಜ ಅಂದರೆ ಮಾರ್ಟಿನ್ ಬ್ಯಾಕ್‌ಪ್ಯಾಕರ್. ಉದ್ದ ನೆಕ್ಕಿಗೆ ದೋಣಿಯ ಹುಟ್ಟಿನಂಥ ತೆಳು ಬಾಡಿ. 1994ರಲ್ಲಿ ಕೊಲಂಬಿಯಾ ನೌಕೆಯಲ್ಲಿ ಬಾಹ್ಯಾಕಾಶಕ್ಕೇ ಹೋಗಿ ಬಂತು. ಅಲ್ಲಿ ಅದಕ್ಕೆ ಏನೂ ತೊಂದರೆ ಆಗಿರಲಿಕ್ಕಿಲ್ಲ. ತೂಕವೇ ಇಲ್ಲದ ಕಡೆ ತೊಡೆಯ ಮೇಲೆ ಕೂರಿಸುವ ಪ್ರಶ್ನೆಯೇ ಬರಲ್ಲವಲ್ಲ. ಭೂಮಿಯ ಮೇಲೆ, ಅದರಲ್ಲೂ ರೈಲಿನ ಸೈಡ್ ಲೋಯರ್‌ನಲ್ಲಿ ಕೂತು ನುಡಿಸಿ ನೋಡಿ. ಬೆಲ್ಟ್ ಹಾಕದಿದ್ದರೆ ನೆಕ್ ನೆಲದ ಕಡೆ ಜಗ್ಗುತ್ತೆ. ಸದ್ದು ಡಬ್ಬಿಯೊಳಗಿಂದ ಬಂದ ಹಾಗೆ.

ಮಡಚುವ ಗಿಟಾರುಗಳಲ್ಲಿ ಚೆನ್ನಾಗಿ ಮಾಡಿದವು ಇವೆ, ಸುಳ್ಳು ಹೇಳಲಾರೆ. ಆದರೆ ಅವು ಬಿಡಿಸುವ ಸಮಸ್ಯೆ ನಿಮ್ಮದಾ ಅಂತ ಕೇಳಿಕೊಳ್ಳಿ. ಅವು ಇರೋದು ವಿಮಾನಕ್ಕಾಗಿ. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಕ್ಯಾಬಿನ್ ಬ್ಯಾಗಿಗೆ ಸಾಮಾನ್ಯವಾಗಿ 7 ಕೆ.ಜಿ., 55 ಸೆಂ.ಮೀ. ಉದ್ದದ ಮಿತಿ. ಬೇಬಿ ಟೇಲರ್ ಸುಮಾರು 86 ಸೆಂ.ಮೀ., ಜಿಎಸ್ ಮಿನಿ ಸುಮಾರು 93. ಅಂದರೆ ಕಾಗದದ ಮೇಲೆ ಯಾವ ಚಿಕ್ಕ ಗಿಟಾರೂ ಪಾಸಾಗಲ್ಲ. ಎಷ್ಟೋ ಸಲ ಕೌಂಟರಿನಲ್ಲಿ ಇರುವವರ ಮನಸ್ಸು ಆ ಹೊತ್ತಿಗೆ ಹೇಗಿದೆ ಅನ್ನೋದರ ಮೇಲೆ ನಿಂತಿರುತ್ತೆ. ಅಮೆರಿಕದಲ್ಲಿ 2012ರ ಕಾನೂನಿನ ಪ್ರಕಾರ ಜಾಗ ಇದ್ದರೆ ಚಿಕ್ಕ ವಾದ್ಯವನ್ನು ಕ್ಯಾಬಿನ್ನಿಗೆ ಬಿಡಲೇಬೇಕು. ಅದಕ್ಕೂ ನಾಲ್ಕು ವರ್ಷ ಮೊದಲು, 2008ರಲ್ಲಿ, ಕೆನಡಾದ ಗಾಯಕ ಡೇವ್ ಕ್ಯಾರಲ್ ಅವರ ಟೇಲರ್ ಗಿಟಾರ್ ಯುನೈಟೆಡ್ ವಿಮಾನದ ಲಗೇಜಿನಲ್ಲಿ ಮುರಿದಿತ್ತು. ಪರಿಹಾರಕ್ಕಾಗಿ ತಿಂಗಳುಗಟ್ಟಲೆ ಅಲೆದು ಸಿಗದೆ, 2009ರಲ್ಲಿ ಅವರು ಅದರ ಮೇಲೇ ಹಾಡು ಕಟ್ಟಿ ಲೋಕಕ್ಕೆಲ್ಲ ಕೇಳಿಸಿದರು. ಹಾಗಾಗಿ ವಿಮಾನದಲ್ಲಿ ಹೋಗುವವರು ಮೊದಲೇ ಫೋನ್ ಮಾಡಿ ಕೇಳಿ. ಲಗೇಜಿಗೆ ಹಾಕಲೇಬೇಕಾದರೆ ಗಟ್ಟಿ ಕೇಸ್ ಇರಲಿ, ತಂತಿ ಒಂದೆರಡು ಸ್ವರ ಇಳಿಸಿ, ಗಿಟಾರಿನ ತಲೆಯ ಸುತ್ತ ಬಟ್ಟೆ ತುರುಕಿ. ಮುರಿಯುವುದು ಹೆಚ್ಚಾಗಿ ಅಲ್ಲೇ.

ಆದರೆ ಪ್ರಾಮಾಣಿಕವಾಗಿ ಹೇಳಿ, ವರ್ಷಕ್ಕೆ ಎಷ್ಟು ಸಲ ಗಿಟಾರ್ ಜೊತೆ ವಿಮಾನ ಹತ್ತುತ್ತೀರಿ? ನಮ್ಮ ಪ್ರಯಾಣ ಅಂದರೆ ಶುಕ್ರವಾರ ರಾತ್ರಿಯ ಮೆಜೆಸ್ಟಿಕ್. ಸ್ಲೀಪರ್ ಬಸ್ಸಿನ ಬರ್ತಿನಲ್ಲಿ ಕಾಲ ಬುಡಕ್ಕೆ, ರೈಲಿನ ಅಪ್ಪರ್ ಬರ್ತಿನ ಗೋಡೆ ಪಕ್ಕಕ್ಕೆ, ಆಟೋದಲ್ಲಿ ಮಂಡಿಗಳ ನಡುವೆ ಕೂರಬೇಕು, ಅಷ್ಟೇ. ತೊಂಬತ್ತರ ಆಸುಪಾಸಿನ ಗಿಟಾರ್ ಈ ಮೂರೂ ಕಡೆ ಕೂರುತ್ತೆ. ನೂರು ಸೆಂ.ಮೀ. ದಾಟಿದ ಡ್ರೆಡ್‌ನಾಟ್ ಒಂದಲ್ಲ ಒಂದು ಕಡೆ ಜಗಳ ತರುತ್ತೆ. ಇದಕ್ಕೆ ಮಡಚುವ ಎಂಜಿನಿಯರಿಂಗ್ ಬೇಕಿಲ್ಲ, ಭುಜಕ್ಕೆ ಎರಡು ಪಟ್ಟಿ ಇರುವ, ದಪ್ಪ ಸ್ಪಂಜಿನ ಬ್ಯಾಗ್ ಸಾಕು. ಒಂದೇ ಎಚ್ಚರಿಕೆ: ಬಿಸಿಲಿನಲ್ಲಿ ನಿಂತ ಕಾರಿನೊಳಗೂ ಬಸ್ಸಿನ ಡಿಕ್ಕಿಯಲ್ಲೂ ಗಿಟಾರ್ ಇಡಬೇಡಿ. ಅಂಟು ಮೆತ್ತಗಾಗಿ ಬ್ರಿಡ್ಜ್ ಏಳುತ್ತೆ.

ಇನ್ನು ಮರದ ಜಂಬ. “ಆಲ್ ಸಾಲಿಡ್ ಇರಬೇಕು ಮಗಾ, ಪ್ಲೈವುಡ್ ಎಲ್ಲ ಗಿಟಾರಾ?” ಹೌದು, ಕಾಲ ಕಳೆದ ಹಾಗೆ ಸಾಲಿಡ್ ಮರದ ನಾದ ತೆರೆದುಕೊಳ್ಳುತ್ತೆ ಅಂತಾರೆ. ನಮ್ಮ ಪಶ್ಚಿಮ ಘಟ್ಟದ ಬೀಟೆ ಮರವನ್ನೇ ನೋಡಿ. ಬ್ರೆಜಿಲ್ ರೋಸ್‌ವುಡ್ ಸಿಗುವುದು ಕಷ್ಟವಾದಾಗ, 1969ರ ಹೊತ್ತಿಗೆ, ಮಾರ್ಟಿನ್ ಕಂಪನಿ ಹಿಡಿದದ್ದು ಈ ಇಂಡಿಯನ್ ರೋಸ್‌ವುಡ್ಡನ್ನೇ. ಬೀಟೆಯ ಬಗ್ಗೆ ನನಗೂ ಹೆಮ್ಮೆ ಇದೆ. ಆದರೆ ಗಿಟಾರ್ ಕಂಪನಿಗಳು ಕೇಳುವ ತೇವಾಂಶ ಸಾಮಾನ್ಯವಾಗಿ ಶೇ. 45ರಿಂದ 55. ಬೆಂಗಳೂರಿನ ಮಾರ್ಚ್ ಮಧ್ಯಾಹ್ನ ಅದು ಮೂವತ್ತರ ಆಸುಪಾಸಿಗೆ ಇಳಿಯುತ್ತೆ. ಜುಲೈನಲ್ಲಿ ಕುಂದಾಪುರಕ್ಕೆ ಹೋದರೆ ಎಂಬತ್ತೈದು ದಾಟಿರುತ್ತೆ. ಒಣಗಿದಾಗ ಮರ ಕುಗ್ಗಿ ಫ್ರೆಟ್ಟಿನ ತುದಿಗಳು ಬೆರಳಿಗೆ ಚುಚ್ಚುತ್ತವೆ, ಕೆಲವೊಮ್ಮೆ ಹಲಗೆಯೇ ಸೀಳುತ್ತೆ. ತೇವ ಕುಡಿದಾಗ ಮೇಲ್ಹಲಗೆ ಉಬ್ಬಿ ತಂತಿ ಮೇಲೇರುತ್ತೆ. ಊರಿಗೂ ಆಫೀಸಿಗೂ ಅಲೆಯುವ ಗಿಟಾರಿಗೆ ಇದು ವರ್ಷವಿಡೀ ಗೋಳು.

ಅದಕ್ಕೇ ಹೇಳ್ತೀನಿ, ಮೇಲ್ಹಲಗೆ ಮಾತ್ರ ಸಾಲಿಡ್ ಸ್ಪ್ರೂಸ್ ಇರಲಿ, ಹಿಂಬದಿ ಮತ್ತು ಪಕ್ಕದ್ದು ಲ್ಯಾಮಿನೇಟ್ ಇರಲಿ. ನಾದ ಹೆಚ್ಚಾಗಿ ಹುಟ್ಟುವುದು ಮೇಲ್ಹಲಗೆಯಲ್ಲಿ. ಬೇಬಿ ಟೇಲರ್, ಜಿಎಸ್ ಮಿನಿ, ಸಿಎಸ್‌ಎಫ್1ಎಂ ಎಲ್ಲ ಇದೇ ಲೆಕ್ಕದಲ್ಲಿ ಬಂದಿವೆ. ಲಿಟಲ್ ಮಾರ್ಟಿನ್ ಎಲ್‌ಎಕ್ಸ್1ರ ಹಿಂಬದಿಯಂತೂ ಅಡುಗೆಮನೆಯ ಕಟ್ಟೆಗೆ, ಬೀರುವಿಗೆ ಅಂಟಿಸುವ ಲ್ಯಾಮಿನೇಟ್ ಶೀಟಿನ ಜಾತಿಯದ್ದು. ನಗಬೇಡಿ. ಎಡ್ ಶೀರನ್ ಊರೂರು ಸುತ್ತಿ ಹೆಸರು ಮಾಡಿದ್ದು ಲಿಟಲ್ ಮಾರ್ಟಿನ್ ಹಿಡಿದೇ. ಪಿಕಪ್ಪು, ಸ್ಪೀಕರು ಜೊತೆಗಿದ್ದವು ಅನ್ನುತ್ತೀರಾ? ಅದೇ ನನ್ನ ಮಾತು. ಈ ಕಾಲದಲ್ಲಿ ಸದ್ದು ದೊಡ್ಡದು ಮಾಡಲು ಕರೆಂಟಿದೆ, ಹೊಟ್ಟೆ ಬೇಕಿಲ್ಲ. ವರ್ಷಪೂರ್ತಿ ಕರಾವಳಿ, ಮಲೆನಾಡಿನಲ್ಲೇ ತಿರುಗುವವರಾದರೆ ಕಾರ್ಬನ್ ಫೈಬರ್ ಗಿಟಾರ್ ನೋಡಬಹುದು. ಅದಕ್ಕೆ ಮಳೆಯೂ ಒಂದೇ, ಬಿಸಿಲೂ ಒಂದೇ. ನಾದದಲ್ಲಿ ಸ್ವಲ್ಪ ಲೋಹದ ಹೊಳಪು ನನ್ನ ಕಿವಿಗೆ ಹಿಡಿಸಿಲ್ಲ, ನಿಮಗೆ ಹಿಡಿಸಿದರೆ ತಕರಾರಿಲ್ಲ.

“ಅಷ್ಟೆಲ್ಲಾ ಯಾಕೆ, ಉಕುಲೇಲೆ ಒಯ್ಯಿ” ಅನ್ನುವವರೂ ಇದ್ದಾರೆ. ಅದು ಬೇರೆ ವಾದ್ಯ, ನಾಲ್ಕು ತಂತಿ, ಬೇರೆ ಬೆರಳು. ಗಿಟಾರ್ ಕೇಳಿದವನಿಗೆ ಉಕುಲೇಲೆ ಕೊಡೋದು, ಮಸಾಲೆ ದೋಸೆ ಕೇಳಿದವನಿಗೆ ಪಡ್ಡು ಕೊಟ್ಟ ಹಾಗೆ. ಪಡ್ಡು ಚೆನ್ನಾಗಿರುತ್ತೆ, ಆದರೆ ನಾನು ಕೇಳಿದ್ದು ದೋಸೆ. ನಡುವೆ ಯಮಹಾದ ಗಿಟಲೇಲೆ ಇದೆ. ಆರು ತಂತಿ, 433 ಮಿ.ಮೀ. ಸ್ಕೇಲ್, ಐದನೇ ಫ್ರೆಟ್ಟಿಗೆ ಕೇಪೋ ಹಾಕಿದ ಹಾಗೆ ಶ್ರುತಿ. ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗೂ ಇರುವವರಿಗೆ ಅದು ಒಪ್ಪುತ್ತೆ. ಆದರೆ ಸಿ ಹಿಡಿದರೆ ಎಫ್ ಬರುತ್ತೆ ಅನ್ನೋದು ಗೊತ್ತಿಟ್ಟುಕೊಂಡು ಹಾಡಲು ಕೂರಬೇಕು.

ಇದೆಲ್ಲ ಒಂದು ಗಿಟಾರಿಗಾಗಿ ಇಷ್ಟು ಗಲಾಟೆಯಾ ಅಂತ ನಿಮಗೆ ಅನ್ನಿಸಬಹುದು. ವಾರದಲ್ಲಿ ನಮ್ಮದು ಅಂತ ಉಳಿಯುವ ಹೊತ್ತು ಎಷ್ಟು ಅಂತ ಒಮ್ಮೆ ಎಣಿಸಿ. ಟ್ರಾಫಿಕ್ಕು, ಸ್ಟ್ಯಾಂಡಪ್ಪು, ಬಟ್ಟೆ ಒಗೆಯೋದು ಎಲ್ಲ ಕಳೆದು ಎರಡೋ ಮೂರೋ ಗಂಟೆ. ಆ ಗಂಟೆಗಳೂ ಹೆಚ್ಚಾಗಿ ಸಿಗುವುದು ರೂಮಿನಿಂದ ದೂರ ಇರುವಾಗ, ಅಮ್ಮನ ಮನೆಯ ಜಗಲಿಯಲ್ಲಿ, ಗೆಳೆಯರ ಜೊತೆ ಹೋಂಸ್ಟೇಯಲ್ಲಿ, ನಾಲ್ಕು ಗಂಟೆ ತಡವಾದ ರೈಲಿನಲ್ಲಿ. ಅಲ್ಲಿ ಕೈಯಲ್ಲಿ ಇಲ್ಲದ ಗಿಟಾರ್ ಎಷ್ಟು ಒಳ್ಳೆಯದಾದರೇನು? ಅಲ್ಲಿ ಇದ್ದರೂ ಆಟಿಕೆಯಂತೆ ಅಪಸ್ವರ ನುಡಿದರೆ, ಎರಡು ಹಾಡಿಗೆ ಬೇಸತ್ತು ಫೋನ್ ಎತ್ತಿಕೊಳ್ತೀರಿ. ನುಡಿಸೋದು ನಿಲ್ಲುವುದಕ್ಕೆ ದೊಡ್ಡ ಕಾರಣಗಳೇನೂ ಬೇಕಾಗಲ್ಲ, ಇಂಥವೇ ಸಾಕು.

ಹಾಗಾಗಿ ಎರಡು ಗಿಟಾರಿನ ಕನಸು ಬಿಡಿ. ಮನೆಗೊಂದು, ಪ್ರವಾಸಕ್ಕೊಂದು ಅಂತ ದುಡ್ಡನ್ನು ಹಂಚಿದರೆ ಎರಡೂ ಅರೆಬರೆ ಆಗುತ್ತವೆ. ಇರುವ ದುಡ್ಡೆಲ್ಲ ಸೇರಿಸಿ, ತೊಡೆಯ ಮೇಲೆ ನೆಟ್ಟಗೆ ಕೂರುವ, ಶ್ರುತಿ ನಿಲ್ಲುವ, ಸ್ಲೀಪರ್ ಬರ್ತಿನಲ್ಲಿ ನಿಮ್ಮ ಪಕ್ಕ ಮಲಗುವ ಒಂದೇ ಒಂದು ಚಿಕ್ಕ ಗಿಟಾರ್ ತಗೊಳ್ಳಿ. ತಂದ ಮೇಲೆ ಬೀರುವಿನ ಮೇಲೆ ಇಡಬೇಡಿ, ಮಂಚದ ಪಕ್ಕ ಗೋಡೆಗೆ ನೇತುಹಾಕಿ. ಮುಂದಿನ ಶುಕ್ರವಾರ ಬಸ್ಸಿಗೆ ಹೊರಡುವಾಗ ಚಾರ್ಜರ್ ಮರೆತರೂ ಪರವಾಗಿಲ್ಲ, ಅದನ್ನು ಮರೆಯಬೇಡಿ.